ನೀರಿನಲ್ಲಿ ಮುಳುಗುವ ಎಣ್ಣೆ

ಹಲ್ಲುನೋವಿಗೆ ಒಂದು ಕೆಟ್ಟ ಅಭ್ಯಾಸವಿದೆ. ಅದು ಕೆರಳುವುದು ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲೇ, ಅದೂ ದಂತವೈದ್ಯರು ಬಾಗಿಲು ಹಾಕಿಕೊಂಡು ಮನೆಗೆ ಹೋದ ಮೇಲೆ. ಅಂಥ ಹೊತ್ತಿನಲ್ಲಿ ನಮ್ಮ ಮನೆಗಳ ಹಿರಿಯರು ತಡಕಾಡುವುದು ಅಡುಗೆಮನೆಯ ಮಸಾಲೆ ಡಬ್ಬಿಯನ್ನು. ನೋಯುವ ಹಲ್ಲಿನ ಕೆಳಗೆ ಒಂದು ಲವಂಗ ಇಟ್ಟು ಕಚ್ಚಿ ಹಿಡಿದರೆ ಮೊದಲು ಚುರುಚುರು ಉರಿ. ಸ್ವಲ್ಪ ಹೊತ್ತಿಗೆ ಆ ಜಾಗವೇ ಮರಗಟ್ಟಿದಂತಾಗಿ ನೋವು ಹಿಂದೆ ಸರಿಯುತ್ತದೆ. ಗ್ರಂಥಿಗೆ ಅಂಗಡಿಯಿಂದ ತಂದ ಲವಂಗದ ಎಣ್ಣೆಯ ಪುಟ್ಟ ಸೀಸೆ ಮನೆಯಲ್ಲಿದ್ದರೆ ಇನ್ನೂ ಸುಲಭ. ಹತ್ತಿಯ ತುದಿಗೆ ಒಂದು ತೊಟ್ಟು ಸಾಕು.

ಹೆಬ್ಬೆರಳ ಗಾತ್ರದ ಈ ಸೀಸೆಗೆ ದೊಡ್ಡ ಚರಿತ್ರೆಯಿದೆ. ಇದರೊಳಗಿನ ಪರಿಮಳಕ್ಕಾಗಿ ಜನ ಭೂಮಿಯನ್ನು ಸುತ್ತಿ ಬಂದಿದ್ದಾರೆ, ಕಾಡುಗಟ್ಟಲೆ ಮರ ಉರುಳಿಸಿದ್ದಾರೆ, ಗುಲಾಮರನ್ನು ದುಡಿಸಿದ್ದಾರೆ. 1937ರಲ್ಲಿ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಲವಂಗವನ್ನೇ ಬಹಿಷ್ಕರಿಸಿರೆಂದು ದೇಶದ ಜನತೆಗೆ ಕರೆ ಕೊಟ್ಟಿತ್ತು. ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಲವಂಗದ ಬಹಿಷ್ಕಾರ ನಮ್ಮ ಶಾಲಾ ಪಾಠಗಳಲ್ಲಿ ಕಾಣಿಸುವುದಿಲ್ಲ.

ಮೊದಲು ಲವಂಗವೆಂದರೇನು ಎಂಬುದನ್ನು ನೋಡೋಣ. ಅದು ಕಾಯಿಯಲ್ಲ, ಬೀಜವೂ ಅಲ್ಲ, ಅರಳದ ಮೊಗ್ಗು. ನಮ್ಮ ನೇರಳೆ, ಪನ್ನೇರಳೆಗಳು ಸೇರಿದ ಸೈಝೀಜಿಯಂ ಕುಲದ್ದೇ ಒಂದು ನಿತ್ಯಹಸುರಿನ ಮರದ ಮೊಗ್ಗು. ನೇರಳೆಗೆ ಹತ್ತಿರದ ನೆಂಟ ಎಂದರೆ ತಪ್ಪಾಗದು. ಹಸಿರು ಮೊಗ್ಗು ನಸುಗೆಂಪಿಗೆ ತಿರುಗುವ ಹೊತ್ತಿಗೆ, ಅರಳುವ ಮೊದಲೇ, ಗೊಂಚಲು ಗೊಂಚಲಾಗಿ ಕೈಯಿಂದ ಬಿಡಿಸಬೇಕು. ಅರಳಿತೋ ಬೆಲೆ ಹೋಯಿತು. ನಾಲ್ಕೈದು ದಿನ ಬಿಸಿಲಿನಲ್ಲಿ ಒಣಗಿಸಿದರೆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಹಾರಿಹೋಗಿ, ಮೊಳೆಯಾಕಾರದ ಕಂದು ಕಡ್ಡಿ ಉಳಿಯುತ್ತದೆ. ಮೊಳೆ ಎಂಬ ಅರ್ಥದ ಹೆಸರನ್ನೇ ಚೀನೀಯರೂ ಫ್ರೆಂಚರೂ ಅದಕ್ಕೆ ಕೊಟ್ಟರು. ತಲೆಯ ಮೇಲಿನ ಪುಟ್ಟ ಗುಂಡು, ಬಿಚ್ಚದೆ ಉಳಿದ ದಳಗಳ ಮುದ್ದೆ. ಇಂಥವು ಸುಮಾರು 10,000 ಕೂಡಿದರೆ ಒಂದು ಕಿಲೋ ಆಗುತ್ತದೆ. ಕೊಯ್ಲಿಗೆ ಎಷ್ಟು ಕೈಗಳು ಬೇಕು ಎಂಬುದನ್ನು ಇದರಿಂದಲೇ ಊಹಿಸಬಹುದು. ಮುಂದೆ ಬರುವ ಗುಲಾಮಗಿರಿಯ ಕಥೆಯ ಬೇರು ಇಲ್ಲಿದೆ.

ಈ ಮೊಗ್ಗಿನ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆ. ಸಾಂಬಾರ ಪದಾರ್ಥಗಳಲ್ಲಿ ಇಷ್ಟೊಂದು ಸುಗಂಧ ತೈಲವನ್ನು ಹೊತ್ತಿರುವುದು ಅಪರೂಪ. ಗಾಣಕ್ಕೆ ಹಾಕಿ ಹಿಂಡಿದರೆ ಇದು ಬರುವುದಿಲ್ಲ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳ ಜಾತಿಯೇ ಬೇರೆ, ಇದರ ಜಾತಿಯೇ ಬೇರೆ. ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಬಿದ್ದರೆ ಕಲೆ ಉಳಿಯುತ್ತದೆ. ಲವಂಗದೆಣ್ಣೆ ನಿಧಾನವಾಗಿ ಗಾಳಿಯಲ್ಲಿ ಹಾರಿಹೋಗುತ್ತದೆ. ಆದ್ದರಿಂದ ಅದನ್ನು ಆವಿ ಹಾಯಿಸಿ ಭಟ್ಟಿ ಇಳಿಸುತ್ತಾರೆ. ಯೂಜಿನಾಲ್ ಕುದಿಯಬೇಕಾದರೆ 250 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೂ ನೀರಿನ ಆವಿ ಅದನ್ನು ನೂರು ಡಿಗ್ರಿಯ ಆಸುಪಾಸಿನಲ್ಲೇ ತನ್ನ ಜೊತೆ ಎಬ್ಬಿಸಿಕೊಂಡು ಬರುತ್ತದೆ. ತಣಿದ ಮೇಲೆ ಪಾತ್ರೆಯಲ್ಲಿ ನೀರು ಮತ್ತು ಎಣ್ಣೆ ಬೇರೆಯಾಗುತ್ತವೆ. ಹೊಸಬರು ಅಚ್ಚರಿಪಡುವುದು ಇಲ್ಲಿಯೇ: ಎಣ್ಣೆ ಮೇಲೆ ತೇಲುವುದಿಲ್ಲ, ತಳಕ್ಕೆ ಕೂರುತ್ತದೆ. ಲವಂಗದೆಣ್ಣೆ ನೀರಿಗಿಂತ ಭಾರ.

ಯೂಜಿನಾಲ್ ಎಂದೆನಲ್ಲ, ಎಣ್ಣೆಯ ಜೀವಾಳ ಅದೇ. ಮೊಗ್ಗಿನ ಎಣ್ಣೆಯಲ್ಲಿ ನೂರಕ್ಕೆ 70ರಿಂದ 90ರವರೆಗೆ ಇರುವುದು ಈ ಒಂದೇ ವಸ್ತು. ಲವಂಗದ ಮರಕ್ಕೆ ಸಸ್ಯವಿಜ್ಞಾನಿಗಳು ಹಿಂದೆ ಇಟ್ಟಿದ್ದ ಯೂಜೀನಿಯಾ ಎಂಬ ಹೆಸರಿನಿಂದ ಇದಕ್ಕೆ ಆ ಹೆಸರು ಬಂತು. ಮರದ ಹೆಸರು ಬದಲಾಯಿತು, ರಾಸಾಯನಿಕದ ಹೆಸರು ಹಾಗೆಯೇ ಉಳಿಯಿತು. ನಾಲಿಗೆಗೆ ತಾಕಿದಾಗ ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ತುದಿಗಳನ್ನೇ ಇದೂ ಕೆಣಕುತ್ತದೆ. ಮೊದಲಿನ ಉರಿ ಅದರಿಂದ. ಆಮೇಲೆ ಆ ನರಗಳು ನೋವಿನ ಸುದ್ದಿಯನ್ನು ಸಾಗಿಸದಂತೆ ತಡೆಯುತ್ತದೆ. ಜೊತೆಗೆ ಬಾವು ತರಿಸುವ ಕೆಲವು ದ್ರವ್ಯಗಳು ದೇಹದಲ್ಲಿ ಹುಟ್ಟುವುದನ್ನು ಕುಗ್ಗಿಸುತ್ತದೆ, ಬ್ಯಾಕ್ಟೀರಿಯಾ ಮತ್ತು ಬೂಷ್ಟುಗಳನ್ನು ಕೊಲ್ಲುತ್ತದೆ. ಇದು ಬರೀ ಅಜ್ಜಿಯ ನಂಬಿಕೆಯಲ್ಲ. ಚುಚ್ಚುಮದ್ದಿನ ನೋವು ತಿಳಿಯದಿರಲೆಂದು ದಂತವೈದ್ಯರು ಒಸಡಿಗೆ ಸವರುವ ಬೆಂಜೋಕೇನ್ ಎಂಬ ಮದ್ದಿನೊಂದಿಗೆ ಲವಂಗದ ಲೇಪವನ್ನು ಹೋಲಿಸಿ ಕುವೈತ್‌ನಲ್ಲಿ ನಡೆಸಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಎರಡರ ಪರಿಣಾಮದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮರದ ಮೂಲ ನೆಲೆ ಇಂದಿನ ಇಂಡೊನೇಷ್ಯಾದ ಪೂರ್ವಭಾಗದಲ್ಲಿರುವ ಮಲುಕು ದ್ವೀಪಗಳು. ಅವುಗಳಲ್ಲೂ ಟೆರ್ನಾಟೆ, ಟಿಡೋರೆ, ಮೋಟಿ, ಮಕಿಯಾನ್, ಬಚಾನ್ ಎಂಬ ಐದು ದ್ವೀಪಗಳು. ಭೂಪಟದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕವು. ಕೆಲವಂತೂ ಸಮುದ್ರದಿಂದ ನೇರವಾಗಿ ಎದ್ದು ನಿಂತ ಜ್ವಾಲಾಮುಖಿಗಳು. ಬಹಳ ಕಾಲದವರೆಗೆ ಜಗತ್ತಿನ ಲವಂಗವೆಲ್ಲ ಬರುತ್ತಿದ್ದುದು ಇಲ್ಲಿಂದ. ಚೀನಾದ ಹಾನ್ ವಂಶದ ಕಾಲದಲ್ಲಿ ಚಕ್ರವರ್ತಿಯೆದುರು ಮಾತಾಡುವ ಅಧಿಕಾರಿಗಳು ಬಾಯಿಯ ದುರ್ವಾಸನೆ ತಡೆಯಲು ಲವಂಗವನ್ನು ಬಾಯಲ್ಲಿಟ್ಟುಕೊಳ್ಳಬೇಕಿತ್ತಂತೆ. ನಮ್ಮ ಚರಕಸಂಹಿತೆಯೂ ಬಾಯಿಯ ಶುಚಿಗಾಗಿ ಜಾಯಿಕಾಯಿ, ಅಡಿಕೆ, ಕರ್ಪೂರ, ವೀಳ್ಯದೆಲೆಗಳ ಜೊತೆಗೆ ಲವಂಗವನ್ನು ಹೆಸರಿಸುತ್ತದೆ. ಬೀಡಾ ಮಡಿಸಿ ಅದರ ನೆತ್ತಿಗೆ ಲವಂಗ ಚುಚ್ಚುವವರು ಈ ಪರಂಪರೆಯ ಕೊನೆಯ ಕೊಂಡಿ ಎನ್ನಬಹುದು. ಕಾಳಿದಾಸನಿಗಂತೂ ಇದು ಹೊರಗಿನಿಂದ ಬರುವ ವಸ್ತುವೆಂಬುದು ಚೆನ್ನಾಗಿ ಗೊತ್ತಿತ್ತು: ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರಕ್ಕೆ ಬಂದ ಕಳಿಂಗರಾಜನನ್ನು ವರ್ಣಿಸುವಾಗ, ಬೇರೆ ದ್ವೀಪಗಳಿಂದ ಗಾಳಿ ಹೊತ್ತು ತರುವ ಲವಂಗದ ಹೂಗಳ ಪ್ರಸ್ತಾಪ ಬರುತ್ತದೆ.

ಪೋರ್ಚುಗೀಸರು ಮಲುಕುವಿಗೆ ತಲುಪಿದ್ದು 1512ರಲ್ಲಿ. ಅದೇ ಲವಂಗದ ಬೆನ್ನುಹತ್ತಿ ಪಶ್ಚಿಮ ದಿಕ್ಕಿನಿಂದ ಸುತ್ತಿ ಬರಲು ಮೆಗೆಲನ್ 1519ರಲ್ಲಿ ಸ್ಪೇನಿನಿಂದ ಐದು ಹಡಗುಗಳೊಂದಿಗೆ ಹೊರಟ. ಆತ ಫಿಲಿಪೈನ್ಸಿನಲ್ಲಿ ಸತ್ತ. 1522ರಲ್ಲಿ ಮರಳಿ ಸ್ಪೇನ್ ಮುಟ್ಟಿದ್ದು ಒಂದೇ ಹಡಗು, ಅದರಲ್ಲಿ ಉಳಿದಿದ್ದವರು ಹದಿನೆಂಟು ಮಂದಿ. ಆದರೆ ಆ ಒಂದು ಹಡಗಿನ ಹೊಟ್ಟೆಯಲ್ಲಿದ್ದ ಸುಮಾರು 26 ಟನ್ ಲವಂಗ ಇಡೀ ಯಾತ್ರೆಯ ಖರ್ಚನ್ನು ಭರಿಸಿತು. ಭೂಮಿಯನ್ನು ಮೊದಲ ಬಾರಿಗೆ ಪ್ರದಕ್ಷಿಣೆ ಹಾಕಿದ ಕೀರ್ತಿ ವಾಸ್ತವದಲ್ಲಿ ಒಂದು ಸಾಂಬಾರ ವ್ಯಾಪಾರದ ಲಾಭ.

ಬಳಿಕ ಡಚ್ಚರು ಬಂದರು. 1605ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಅಂಬಾನ್ ಕೋಟೆಯನ್ನು ಕಿತ್ತುಕೊಂಡಿತು. ಲವಂಗದ ಬೆಲೆ ಬೀಳಬಾರದೆಂದರೆ ಲವಂಗ ಹೆಚ್ಚು ಬೆಳೆಯಬಾರದು. ಕಂಪನಿಯ ಲೆಕ್ಕ ಇಷ್ಟೇ. 1652ರಲ್ಲಿ ಟೆರ್ನಾಟೆಯ ಸುಲ್ತಾನನಿಗೆ ವರ್ಷಾಶನ ಗೊತ್ತುಮಾಡಿ, ಅವನ ಸೀಮೆಯ ಲವಂಗದ ಮರಗಳನ್ನೆಲ್ಲ ಕಡಿಸುವ ಒಪ್ಪಂದ ಮಾಡಿಕೊಂಡರು. ಅಂಬಾನ್ ಮತ್ತು ಅದರ ನೆರೆಯ ಕೆಲವು ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಒಂದು ಗಿಡವೂ ಇರಕೂಡದು. ಹೊಂಗಿ ಎಂಬ ಹೆಸರಿನ ಉದ್ದನೆಯ ಯುದ್ಧದೋಣಿಗಳಲ್ಲಿ ಕಂಪನಿಯ ಜನ ವರ್ಷ ವರ್ಷವೂ ದ್ವೀಪದಿಂದ ದ್ವೀಪಕ್ಕೆ ಹೋಗಿ ಮರಗಳನ್ನು ಹುಡುಕಿ ಕಡಿಯುತ್ತಿದ್ದರು. ದೋಣಿಗಳಿಗೆ ಹುಟ್ಟುಹಾಕಬೇಕಾದವರೂ ಅದೇ ದ್ವೀಪಗಳ ಜನ! ಟೆರ್ನಾಟೆಯ ಬೆಟ್ಟದ ಮೇಲೆ ಈ ಕೊಡಲಿಗೆ ಸಿಗದೆ ಉಳಿಯಿತೆಂದು ಹೇಳುವ ‘ಅಫೊ’ ಎಂಬ ಮುದಿ ಮರದ ಬಗ್ಗೆ ಅಲ್ಲಿನವರು ಈಗಲೂ ಅಭಿಮಾನದಿಂದ ಮಾತಾಡುತ್ತಾರೆ.

ಈ ಬೇಲಿಯನ್ನು ಮುರಿದವನ ಹೆಸರೇ ಮೆಣಸು. ಪಿಯೆರ್ ಪ್ವಾವ್ರ್ ಎಂಬ ಫ್ರೆಂಚನ ಮನೆತನದ ಹೆಸರಿಗೆ ಆ ಭಾಷೆಯಲ್ಲಿ ಕರಿಮೆಣಸು ಎಂದೇ ಅರ್ಥ. ಪಾದ್ರಿಯಾಗಲು ಹೊರಟಿದ್ದ ಈತ 1745ರಲ್ಲಿ ಇಂಗ್ಲಿಷರೊಡನೆ ನಡೆದ ಕಡಲ ಕಾಳಗದಲ್ಲಿ ಗುಂಡೇಟಿನಿಂದ ಒಂದು ಕೈ ಕಳೆದುಕೊಂಡ. ಮುಂದೆ 1767ರಲ್ಲಿ ಮಾರಿಷಸ್ ದ್ವೀಪದ ಆಡಳಿತಾಧಿಕಾರಿಯಾಗಿ ಬಂದು, ಅಲ್ಲಿಂದ ಮಲುಕುವಿನ ಕಡೆಗೆ ಹಡಗುಗಳನ್ನು ಗುಟ್ಟಾಗಿ ಕಳಿಸಿದ. 1770ರಲ್ಲಿ ಲವಂಗ ಮತ್ತು ಜಾಯಿಕಾಯಿಯ ಸಸಿಗಳು ಮಾರಿಷಸ್ಸಿನ ಪಾಂಪ್ಲಮೂಸ್ ತೋಟಕ್ಕೆ ಬಂದಿಳಿದವು. ಬಹಳಷ್ಟು ಸತ್ತವು, ಕೆಲವು ಚಿಗುರಿದವು. ಅಷ್ಟು ಸಾಕಾಯಿತು. ಅಲ್ಲಿಂದ ರಿಯೂನಿಯನ್, ಮಡಗಾಸ್ಕರ್, ಕೊನೆಗೆ ಆಫ್ರಿಕದ ಪೂರ್ವ ತೀರದ ಜಾಂಜಿಬಾರ್. ನಮ್ಮ ದೇಶಕ್ಕೆ ಲವಂಗದ ಗಿಡ ಬಂದದ್ದೂ ಸುಮಾರು ಇದೇ ಕಾಲದಲ್ಲಿ. 1800ರ ಹೊತ್ತಿಗೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ತಮಿಳುನಾಡಿನ ಕುಟ್ರಾಲಂನಲ್ಲಿ ಅದನ್ನು ನೆಡಿಸಿತು. ಇಂದು ಕನ್ಯಾಕುಮಾರಿಯ ಬೆಟ್ಟಗಳಲ್ಲಿ, ಕೇರಳದಲ್ಲಿ, ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅಲ್ಲಲ್ಲಿ ಅದು ಇದೆ. ಆದರೆ ನಾವು ಬಳಸುವಷ್ಟು ನಮ್ಮಲ್ಲಿ ಬೆಳೆಯುವುದಿಲ್ಲ. ಹಿಂದೆಯೂ ತರಿಸಿಕೊಳ್ಳುತ್ತಿದ್ದೆವು, ಇಂದಿಗೂ ತರಿಸಿಕೊಳ್ಳುತ್ತೇವೆ.

ಜಾಂಜಿಬಾರಿನ ಮಣ್ಣು ಲವಂಗಕ್ಕೆ ಹೇಳಿ ಮಾಡಿಸಿದಂತಿತ್ತು. ಒಮಾನಿನ ದೊರೆ ಸಯ್ಯಿದ್ ಸಯೀದ್ ತನ್ನ ರಾಜಧಾನಿಯನ್ನೇ ಅಲ್ಲಿಗೆ ಬದಲಾಯಿಸಿದ. ಒಂದು ತೆಂಗಿನ ಮರಕ್ಕೆ ಮೂರು ಲವಂಗದ ಸಸಿ ನೆಡದವನ ಜಮೀನು ಮುಟ್ಟುಗೋಲು ಎಂದು ಅವನು ಅಪ್ಪಣೆ ಮಾಡಿದ್ದನೆಂದು ಹೇಳುತ್ತಾರೆ. ಡಚ್ಚರು ಮರ ಕಡಿಸಲು ಬಲಾತ್ಕಾರ ಮಾಡಿದ್ದರೆ ಈತ ನೆಡಿಸಲು ಮಾಡಿದ. ದುಡಿದವರು ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಗುಲಾಮರು. ಅಲ್ಲಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ಹೋದದ್ದು 1897ರಲ್ಲಿ. ನಡುವೆ 1872ರ ಚಂಡಮಾರುತ ಜಾಂಜಿಬಾರಿನ ಬಹುಪಾಲು ಮರಗಳನ್ನು ಕೆಡವಿತು. ಪಕ್ಕದ ಪೆಂಬಾ ದ್ವೀಪ ಉಳಿದುಕೊಂಡಿತು, ಲವಂಗದ ಗುರುತ್ವಕೇಂದ್ರ ಅಲ್ಲಿಗೆ ಸರಿಯಿತು. ಇಷ್ಟಾದರೂ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಜಗತ್ತಿನ ಲವಂಗದಲ್ಲಿ ಬಹುಪಾಲು ಈ ಎರಡು ದ್ವೀಪಗಳದ್ದೇ.

ಈ ವ್ಯಾಪಾರದ ಕೀಲಿಕೈ ಇದ್ದದ್ದು ಭಾರತೀಯರ ಕೈಯಲ್ಲಿ. ಕಛ್‌ನ ಮುಂದ್ರಾದಿಂದ ಹೋದ ಜಯರಾಂ ಶಿವಜಿ ಮನೆತನದವರು ಸುಲ್ತಾನನ ಸುಂಕದ ಕಟ್ಟೆಯನ್ನೇ ಗುತ್ತಿಗೆ ಹಿಡಿದಿದ್ದರು. ತೋಟದ ಒಡೆಯರು ಅರಬರು; ಅವರಿಗೆ ಸಾಲ ಕೊಡುವವರು, ಫಸಲು ಕೊಳ್ಳುವವರು, ಹಡಗಿಗೆ ಹೇರುವವರು ಗುಜರಾತಿ ವರ್ತಕರು. ಗುಲಾಮಗಿರಿ ಹೋಗಿ ಕೂಲಿ ಕೊಡುವ ಕಾಲ ಬಂದ ಮೇಲೆ ತೋಟಗಾರರ ಸಾಲ ಬೆಳೆಯಿತು. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಲವಂಗದ ಬೆಲೆ ನೆಲಕಚ್ಚಿದಾಗ ತೋಟಗಳು ಒಂದೊಂದಾಗಿ ಸಾಹುಕಾರರ ಪಾಲಾಗುವ ಭಯ ಹುಟ್ಟಿತು. ಅಲ್ಲಿನ ಬ್ರಿಟಿಷ್ ಆಡಳಿತ 1934ರಲ್ಲಿ ಸರಣಿ ಶಾಸನಗಳನ್ನು ತಂದಿತು. ಅರಬರ ಮತ್ತು ಆಫ್ರಿಕನರ ಜಮೀನು ಪರರ ಕೈಸೇರದಂತೆ ಒಂದು ಕಾಯಿದೆ. ಲವಂಗ ಬೆಳೆಗಾರರ ಸಂಘಕ್ಕೆ ಅಧಿಕಾರ ಕೊಡಲು ಇನ್ನೊಂದು. 1937ರಲ್ಲಿ ಇನ್ನೂ ಮುಂದೆ ಹೋಗಿ, ರಫ್ತಿಗಾಗಿ ಲವಂಗ ಕೊಳ್ಳುವ ಹಕ್ಕನ್ನು ಆ ಸಂಘಕ್ಕೇ ಒಪ್ಪಿಸಿತು.

ಜಾಂಜಿಬಾರಿನ ಭಾರತೀಯ ವರ್ತಕರು ಲವಂಗ ಮುಟ್ಟುವುದಿಲ್ಲವೆಂದು ಕೂತರು. ಸುದ್ದಿ ಸಮುದ್ರ ದಾಟಿ ಮುಂಬಯಿಗೆ ಬಂತು. ಹೊರನಾಡಿನ ಭಾರತೀಯರ ಮೇಲಾದ ಅನ್ಯಾಯವೆಂದು ಕಾಂಗ್ರೆಸ್ಸು ಅದನ್ನು ಎತ್ತಿಕೊಂಡಿತು. ಲವಂಗ ತರಿಸಬೇಡಿ ಎಂದು ವರ್ತಕರಿಗೆ, ಕೊಳ್ಳಬೇಡಿ ಎಂದು ಜನರಿಗೆ ಹೇಳಲಾಯಿತು. ಜಾಂಜಿಬಾರಿನ ಲವಂಗಕ್ಕೆ ಭಾರತ ಅತಿ ದೊಡ್ಡ ಗಿರಾಕಿಗಳಲ್ಲೊಂದು. ಹಾಗಾಗಿ ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಫಸಲು ಗೋದಾಮುಗಳಲ್ಲಿ ಉಳಿಯಿತು. ದ್ವೀಪದ ಸರ್ಕಾರದ ಬೊಕ್ಕಸವೇ ಲವಂಗದ ಸುಂಕದ ಮೇಲೆ ನಿಂತಿದ್ದರಿಂದ ಅದೂ ಅಲುಗಾಡಿತು. 1938ರಲ್ಲಿ ರಾಜಿಯಾಯಿತು. ರಫ್ತುದಾರರು ಒಂದು ಪಾಲನ್ನು ಸಂಘದಿಂದ ಕೊಳ್ಳಬೇಕು, ಉಳಿದದ್ದನ್ನು ಮುಕ್ತವಾಗಿ ಕೊಳ್ಳಬಹುದು ಎಂಬುದು ಅದರ ಸಾರ.

ಇದನ್ನು ಬರೀ ಗೆಲುವಿನ ಕಥೆಯಾಗಿ ಹೇಳುವುದು ನನಗೆ ಸರಿಕಾಣುವುದಿಲ್ಲ. ವರ್ತಕರ ದೂರಿನಲ್ಲಿ ಹುರುಳಿತ್ತು: ಬೆಳೆಗಾರರ ಹೆಸರಿನಲ್ಲಿ ಸರ್ಕಾರ ಇಡೀ ವ್ಯಾಪಾರವನ್ನು ತನ್ನ ಮುಷ್ಟಿಗೆ ತೆಗೆದುಕೊಳ್ಳುತ್ತಿತ್ತು. ಆದರೆ ಸಾಲದಲ್ಲಿ ಮುಳುಗಿದ್ದ ತೋಟಗಾರನ, ಅವನ ಮರಗಳಿಂದ ಮೊಗ್ಗು ಬಿಡಿಸುತ್ತಿದ್ದ ಕೂಲಿಯವನ ಮಾತನ್ನು ಮುಂಬಯಿಯಲ್ಲಿ ಕೇಳಿದವರು ಕಡಿಮೆ. ಬಹಿಷ್ಕಾರದ ವರ್ಷ ಕೊಯ್ಲಿಗೆ ಬೆಲೆ ಸಿಗದೆ ನರಳಿದವರು ಅವರೇ. 1964ರ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಕೊನೆಗೊಂಡು, ಅರಬರ ತೋಟಗಳು ಸರ್ಕಾರದ ವಶವಾಗಿ, ಬಹುಸಂಖ್ಯೆಯ ಭಾರತೀಯರು ದ್ವೀಪ ಬಿಡಬೇಕಾಗಿ ಬಂತು. ಲವಂಗ ಮಾತ್ರ ಮುಕ್ತವಾಗಲಿಲ್ಲ. ಅದನ್ನು ಕೊಳ್ಳುವ ಹಕ್ಕು ಸರ್ಕಾರದ ವ್ಯಾಪಾರ ನಿಗಮದ ಕೈಗೆ ಹೋಯಿತು.

ಜಾಂಜಿಬಾರಿನ ಇನ್ನೊಬ್ಬ ದೊಡ್ಡ ಗಿರಾಕಿ ಯಾರು ಗೊತ್ತೇ? ಲವಂಗದ ತವರಾದ ಇಂಡೊನೇಷ್ಯಾ! ಇದಕ್ಕೂ ಎಣ್ಣೆಯೇ ಕಾರಣ. ಜಾವಾದ ಕುಡುಸ್ ಪಟ್ಟಣದಲ್ಲಿ 1880ರ ಸುಮಾರಿಗೆ ಹಾಜಿ ಜಮ್‌ಹರಿ ಎಂಬಾತ ಎದೆನೋವಿಗೆ ಲವಂಗದೆಣ್ಣೆ ಹಚ್ಚಿಕೊಳ್ಳುತ್ತಿದ್ದನಂತೆ. ಹೊರಗೆ ಹಚ್ಚಿದರೇ ಇಷ್ಟು ಹಿತವಾದರೆ ಹೊಗೆಯ ಜೊತೆ ಒಳಗೆ ಹೋದರೆ ಇನ್ನೆಷ್ಟು ಎಂದು ತಂಬಾಕಿನೊಂದಿಗೆ ಲವಂಗದ ಚೂರು ಸೇರಿಸಿ ಸೇದಿದನಂತೆ. ಉರಿಯುವಾಗ ಚಟಪಟ ಸದ್ದು ಮಾಡುವುದರಿಂದ ಅದಕ್ಕೆ ‘ಕ್ರೆಟೆಕ್’ ಎಂಬ ಹೆಸರು ಬಂತು. ಮದ್ದೆಂದು ಹುಟ್ಟಿದ್ದು ಚಟವಾಗಿ ದೇಶವನ್ನೇ ವ್ಯಾಪಿಸಿತು. ಲವಂಗ ಸಾಲದೆ ಆ ದೇಶ ಜಾಂಜಿಬಾರ್, ಮಡಗಾಸ್ಕರ್‌ಗಳಿಂದ ಕೊಳ್ಳತೊಡಗಿತು. ಆಮೇಲೆ ತಾನೇ ವಿಪರೀತ ನೆಟ್ಟು ಎಲ್ಲರನ್ನೂ ಹಿಂದೆ ಹಾಕಿತು. ಬೆಳೆ ಹೆಚ್ಚಿದಾಗ ಮತ್ತೆ ಹಳೆಯ ರೋಗ. ಅಧ್ಯಕ್ಷ ಸುಹಾರ್ತೊ ಅವರ ಕಿರಿಯ ಮಗ ಟಾಮಿಯ ಹಿಡಿತದಲ್ಲಿದ್ದ ಮಂಡಳಿಯೊಂದಕ್ಕೆ 1990ರ ದಶಕದ ಆರಂಭದಲ್ಲಿ ಲವಂಗದ ಏಕಸ್ವಾಮ್ಯ ದೊರೆಯಿತು. ರೈತನಿಗೆ ಸಿಗುವ ಬೆಲೆ ಕುಸಿದು, ಕೊಯ್ಲಿನ ಕೂಲಿಯೂ ಗಿಟ್ಟದೆ ಎಷ್ಟೋ ತೋಟಗಳು ಪಾಳುಬಿದ್ದವು. ಆರ್ಥಿಕ ಕುಸಿತದ ನಡುವೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಹಾಕಿದ ಷರತ್ತಿನಂತೆ 1998ರಲ್ಲಿ ಆ ಮಂಡಳಿ ರದ್ದಾಯಿತು. ಡಚ್ಚರ ಕಂಪನಿ ಸತ್ತು ಇನ್ನೂರು ವರ್ಷವಾದರೂ ಅದರ ಲೆಕ್ಕಪುಸ್ತಕ ಸತ್ತಿರಲಿಲ್ಲ.

ಈ ಜಗಳಗಳೆಲ್ಲ ಮೊಗ್ಗಿಗಾಗಿ. ಎಣ್ಣೆಯ ಮಟ್ಟಿಗೆ ಹೇಳುವುದಾದರೆ ಮೊಗ್ಗೇ ಬೇಕೆಂದಿಲ್ಲ. ಎಲೆಯಿಂದಲೂ ಮೊಗ್ಗಿನ ತೊಟ್ಟಿನಿಂದಲೂ ಎಣ್ಣೆ ತೆಗೆಯುತ್ತಾರೆ. ಪ್ರಮಾಣ ಕಡಿಮೆ, ಆದರೆ ಯೂಜಿನಾಲಿಗೆ ಕೊರತೆಯಿಲ್ಲ, ಬೆಲೆಯೂ ಅಗ್ಗ. ಮಡಗಾಸ್ಕರ್ ಮತ್ತು ಇಂಡೊನೇಷ್ಯಾಗಳಲ್ಲಿ ಎಲೆಯನ್ನು ತಂದು ಭಟ್ಟಿಗೆ ಹಾಕುತ್ತಾರೆ. ಸಾಬೂನು, ಹಲ್ಲುಪುಡಿ, ನೋವಿನ ಮುಲಾಮುಗಳಿಗೆ ಹೋಗುವುದು ಹೆಚ್ಚಾಗಿ ಈ ಎಣ್ಣೆಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಇನ್ನೊಂದು ದೊಡ್ಡ ಉಪಯೋಗವಿತ್ತು. ವೆನಿಲ್ಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್ನಿನ ಅಣುವೂ ಯೂಜಿನಾಲಿನ ಅಣುವೂ ಅಣ್ಣತಮ್ಮಂದಿರು. ಒಂದು ಕೊಂಡಿಯನ್ನು ಬದಲಿಸಿದರೆ ಅದು ಇದಾಗುತ್ತದೆ. ಮರದ ತಿರುಳಿನಿಂದ ವೆನಿಲಿನ್ ತೆಗೆಯುವ ವಿಧಾನ ಬರುವವರೆಗೆ ಯುರೋಪಿನ ಕಾರ್ಖಾನೆಗಳು ಅದನ್ನು ಲವಂಗದೆಣ್ಣೆಯಿಂದಲೇ ತಯಾರಿಸುತ್ತಿದ್ದವು. ಆ ಕಾಲದ ಎಷ್ಟೋ ಐಸ್‌ಕ್ರೀಮಿನ ‘ವೆನಿಲ್ಲಾ’ ಬಂದದ್ದು ಪೆಂಬಾದ ಮರಗಳಿಂದ. ಜಪಾನಿನಲ್ಲಿ ಕತ್ತಿಗಳಿಗೆ ತುಕ್ಕು ಹಿಡಿಯದಂತೆ ಸವರುವ ಎಣ್ಣೆಯಲ್ಲಿ ಇದರ ಕೆಲವು ಹನಿ ಇರುತ್ತದೆ. ಮೀನು ಸಾಕುವವರು ಮೀನುಗಳನ್ನು ಹಿಡಿದು ಪರೀಕ್ಷಿಸುವಾಗ ಅವಕ್ಕೆ ಮಂಪರು ಬರಿಸಲು ನೀರಿಗೆ ಇದನ್ನೇ ಬೆರೆಸುವುದುಂಟು.

ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವುದು ದಂತವೈದ್ಯದ ಉಪಯೋಗ. ಸತುವಿನ ಆಕ್ಸೈಡಿನ ಬಿಳಿ ಪುಡಿಗೆ ಯೂಜಿನಾಲ್ ಹಾಕಿ ಕಲಸಿದರೆ ಕೆಲವು ನಿಮಿಷಗಳಲ್ಲಿ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹಲ್ಲಿನ ಕುಳಿಯನ್ನು ತಾತ್ಕಾಲಿಕವಾಗಿ ಮುಚ್ಚಲು ಇದು ಬಳಕೆಯಲ್ಲಿದೆ. ಕುಳಿ ಮುಚ್ಚುವುದರ ಜೊತೆಗೆ ಒಳಗಿನ ನರವನ್ನೂ ಶಾಂತಗೊಳಿಸುತ್ತದೆ. ದಂತವೈದ್ಯರ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ, ಕೆಲವರಿಗೆ ಆಗಲೇ ಕಾಲು ನಡುಗಿಸುವ ವಾಸನೆ ಲವಂಗದ್ದು.

ಆದರೆ ಮನೆಯಲ್ಲಿ ಇದನ್ನು ಬಳಸುವವರು ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ನೋವು ಹೋದರೆ ಹುಳುಕು ಹೋದಂತಲ್ಲ. ಒಳಗೆ ಕೀವು ಕಟ್ಟುತ್ತಿದ್ದರೂ ಎಣ್ಣೆ ಅದನ್ನು ಮರೆಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಅಚ್ಚ ಎಣ್ಣೆ ಬಹಳ ತೀಕ್ಷ್ಣ. ಥರ್ಮೋಕೋಲ್ ಲೋಟಕ್ಕೆ ಹಾಕಿದರೆ ಅದನ್ನು ಕರಗಿಸುವಷ್ಟು. ಒಸಡಿಗೆ ಮತ್ತೆ ಮತ್ತೆ ಹಚ್ಚಿದರೆ ಸುಟ್ಟ ಗಾಯವಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ತೆಳುಮಾಡಿಕೊಳ್ಳುವುದು ಒಳ್ಳೆಯದು. ಹಲ್ಲು ಬರುವ ಕೂಸಿನ ಒಸಡಿಗೆ ಸವರುವುದಂತೂ ಕೂಡದು. ಎಳೆಯ ಮಕ್ಕಳು ಐದು ಹತ್ತು ಮಿಲಿಲೀಟರಿನಷ್ಟು ಕುಡಿದುಬಿಟ್ಟು ಪ್ರಜ್ಞೆ ತಪ್ಪಿ, ಸೆಳೆತ ಬಂದು, ಯಕೃತ್ತು ಕೆಟ್ಟ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಅಷ್ಟೆಂದರೆ ಒಂದೆರಡು ಟೀ ಚಮಚ. ಸೀಸೆ ಚಿಕ್ಕದಾದ್ದರಿಂದ ಅದು ಇರುವ ಜಾಗ ಎತ್ತರದ್ದಾಗಿರಲಿ.

ಇನ್ನು ಅಂಗಡಿಯಲ್ಲಿ ಲವಂಗ ಕೊಳ್ಳುವಾಗ. ಭಟ್ಟಿಯಲ್ಲಿ ಎಣ್ಣೆ ಹಿಂಡಿ ತೆಗೆದ ಲವಂಗವನ್ನು ಒಣಗಿಸಿ ಒಳ್ಳೆಯದರ ಜೊತೆ ಬೆರೆಸಿ ಮಾರುವುದು ಬಹಳ ಹಳೆಯ ಮೋಸ. ನೋಟಕ್ಕೆ ಎರಡೂ ಒಂದೇ. ಕಂಡುಹಿಡಿಯಲು ಒಂದು ಲೋಟ ನೀರು ಸಾಕು. ಎಣ್ಣೆ ತುಂಬಿದ ಲವಂಗ ಮುಳುಗುತ್ತದೆ, ಇಲ್ಲವೇ ತಲೆ ಮೇಲೆ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತದೆ. ಎಣ್ಣೆ ಕಳೆದುಕೊಂಡದ್ದು ನೀರಿನ ಮೇಲೆ ಅಡ್ಡಡ್ಡ ತೇಲುತ್ತದೆ. ನೀರೂ ಇಲ್ಲದಿದ್ದರೆ ಅದರ ಕಾಂಡವನ್ನು ಉಗುರಿನಿಂದ ಒತ್ತಿ ನೋಡಿ. ಒಳ್ಳೆಯದಾದರೆ ಉಗುರಿನ ಗುರುತಿನಲ್ಲಿ ಎಣ್ಣೆ ಜಿನುಗುತ್ತದೆ.